ಹನ್ನೆರಡು ಹೆಜ್ಜೆ ಕೆಳಗೆ

ಶಿಖರ ಮುಟ್ಟಿ ಹೆಸರು ಮಾಡಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾವುಟ ನೆಟ್ಟವರು, ಚಳಿಗೆ ಮೂಗಿನ ತುದಿ ಕಳೆದುಕೊಂಡವರು, ಇಳಿದ ಮೇಲೆ ಉಳಿದ ಆಯುಷ್ಯವನ್ನೆಲ್ಲ ಭಾಷಣದಲ್ಲಿ ಕಳೆದವರು. ಶಿಖರ ಮುಟ್ಟದೆ ಹೆಸರು ಮಾಡಿದವನು ನಮಗೆ ತಿಳಿದ ಮಟ್ಟಿಗೆ ಒಬ್ಬನೇ: ಬೀಗ ರಿಪೇರಿ ಮಾಡುವ ಬೀಗದಣ್ಣ. ಪ್ರತಿ ಭಾನುವಾರ ಅವನು ಹಿಂಬೆಟ್ಟವನ್ನು ಮೂರು ಗಂಟೆ ಹತ್ತುತ್ತಾನೆ. ತುದಿಗೆ ಇನ್ನು ಹನ್ನೆರಡೇ ಹೆಜ್ಜೆ ಅನ್ನುವಾಗ ನಿಂತುಬಿಡುತ್ತಾನೆ. ಅಲ್ಲೊಂದು ಚಪ್ಪಟೆ ಬಂಡೆಯಿದೆ, ಅದರ ಮೇಲೆ ಕೂತು ಡಬ್ಬಿ ಬಿಚ್ಚುತ್ತಾನೆ. ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ, ಒಂದು ಸೌತೆಕಾಯಿ. ತಿಂದು ಮುಗಿಸಿ ಒಂದೂವರೆ ಗಂಟೆ ಕೂತಿದ್ದು, ತುದಿಯ ಕಡೆ ಕಣ್ಣೆತ್ತಿಯೂ ನೋಡದೆ ಇಳಿದು ಮನೆ ಸೇರುತ್ತಾನೆ.

ಊರಿಗೆ ಇಷ್ಟು ಸಾಕಾಯಿತು. ಕ್ಷೌರದಂಗಡಿಯಲ್ಲಿ ಹುಟ್ಟಿದ ಮಾತಿನ ಪ್ರಕಾರ, ತುದಿ ಮುಟ್ಟಿದ ದಿನವೇ ನಿನ್ನ ಪ್ರಾಣ ಹೋಗುತ್ತದೆ ಎಂದು ಯಾರೋ ಅವನ ಕೈ ನೋಡಿ ಹೇಳಿದ್ದರು. ಔಷಧಿ ಅಂಗಡಿಯವನು ಇದನ್ನು ಒಪ್ಪಲಿಲ್ಲ. ಅವನು ವಿಜ್ಞಾನ ಓದಿದವನು. ಬೀಗದಣ್ಣನ ಎದೆಯ ಎಡಗಡೆಯ ನರವೊಂದು ಅಷ್ಟು ಎತ್ತರದ ತನಕ ತಡೆದುಕೊಳ್ಳುತ್ತದೆ, ಮೇಲೆ ಒಂದು ಗೇಣು ಹೋದರೂ ಕೈಕೊಡುತ್ತದೆ ಎಂದು ಅವನ ವಾದ. ಬಸ್ ನಿಲ್ದಾಣದ ಬೆಂಚಿನವರ ಕತೆಯಲ್ಲಿ ಒಬ್ಬಳು ಹೆಣ್ಣು ಬಂದಳು. ತುದಿಯಲ್ಲಿ ಕಾಯುತ್ತೇನೆ ಅಂದವಳು, ಕಾಯದೆ ಬೇರೆಯವನನ್ನು ಮದುವೆಯಾದವಳು. ಬೀಗದಣ್ಣನ ಮುಖವನ್ನು ಹಗಲಿನಲ್ಲಿ ನೋಡಿದವರಿಗೆ ಈ ಕತೆ ನಂಬುವುದು ಸ್ವಲ್ಪ ಕಷ್ಟ. ಆದರೂ ನಂಬಿದರು, ಏಕೆಂದರೆ ಬಸ್ ತಡವಾಗಿ ಬರುತ್ತಿತ್ತು.

ಎಲ್ಲಕ್ಕಿಂತ ಎತ್ತರದಲ್ಲಿ ಹಾರಾಡಿದ ಕತೆ ಅವನ ಭಾವನದು. ಹಾರಾಡಿದ್ದೂ ನಿಜವೇ, ಏಕೆಂದರೆ ಅದು ಆರಡಿಗೆ ಮೂರಡಿ ಬ್ಯಾನರಿನ ಮೇಲೆ ನಾಲ್ಕು ಬಣ್ಣದಲ್ಲಿ ಅಚ್ಚಾಗಿತ್ತು: 'ಊರಿನ ಎಲ್ಲ ಬೀಗ ತೆಗೆದವನು, ಬೆಟ್ಟದ ಕೊನೆಯ ಬೀಗವನ್ನು ಮುಟ್ಟದವನು.'

ಯಾಕೆ ತುದಿಗೆ ಹೋಗುವುದಿಲ್ಲ ಎಂದು ನೇರವಾಗಿ ಕೇಳಿದವರಿಗೆ ಬೀಗದಣ್ಣ ಒಂದೇ ಮಾತು ಹೇಳುತ್ತಿದ್ದ. "ಸುಮ್ಮನೆ."

ಇದಕ್ಕೆ ಕಾರಣವಿತ್ತು. ಊರಿನ ಅರ್ಧ ಬಾಗಿಲುಗಳನ್ನು ತೆಗೆಯಬಲ್ಲ ಮನುಷ್ಯ ಒಂದು ಸಣ್ಣ ಸುಳ್ಳಿನಲ್ಲಿ ಸಿಕ್ಕಿಬಿದ್ದರೂ ಮಾರನೆಯ ದಿನ ಅಂಗಡಿ ಮುಚ್ಚಬೇಕು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ಸುಳ್ಳು ಹೇಳುವ ಅಭ್ಯಾಸವನ್ನೇ ಮರೆತಿದ್ದ. ನಿಜ ಹೇಳುವುದಕ್ಕೆ ಇಲ್ಲೊಂದು ತೊಡಕಿತ್ತು. ಉಳಿದದ್ದು 'ಸುಮ್ಮನೆ'. ಊರಿನವರು ಆ ಮೂರಕ್ಷರವನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಏನೋ ಭಾರೀ ವಿಷಯವಿದೆ ಎಂದು ತೀರ್ಮಾನಿಸಿದರು.

ಬೀಗದಣ್ಣನ ಅಂಗಡಿಯ ಅಗಲ ನಾಲ್ಕೂವರೆ ಅಡಿ. ಒಂದು ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಕೀಗಳು. ಎದುರು ಗೋಡೆಗೆ ಆನಿಸಿದ ಮೇಜಿನ ಮೇಲೆ ಕೀ ಕೊರೆಯುವ ಮೆಷಿನ್ನು. ಅದು ಚಾಲೂ ಆದಾಗ ಬೀದಿಯ ನಾಯಿಗಳು ಎದ್ದು ಜಾಗ ಬದಲಾಯಿಸುತ್ತವೆ. ಸಂಜೆಯ ಹೊತ್ತಿಗೆ ಅವನ ಹುಬ್ಬು, ಮೀಸೆ, ಮೂಗಿನೊಳಗೆಲ್ಲ ಹಿತ್ತಾಳೆಯ ಪುಡಿ. ಇದಾವುದೂ ಅವನಿಗೆ ಕಷ್ಟವಾಗಿರಲಿಲ್ಲ. ಕಷ್ಟ ಇದ್ದದ್ದು ಜನರ ಮನೆ ಬಾಗಿಲುಗಳ ಮುಂದೆ. ಕೀ ಒಳಗಿಟ್ಟು ಬಾಗಿಲು ಎಳೆದುಕೊಂಡ ಮನುಷ್ಯ ಒಬ್ಬನೇ ಮಾತಾಡುವುದಿಲ್ಲ. ಅವನ ಹೆಂಡತಿ ಮಾತಾಡುತ್ತಾಳೆ, ಅತ್ತೆ ಮಾತಾಡುತ್ತಾರೆ, ಎದುರುಮನೆಯವರು ಸ್ಟೂಲು ತಂದು ಹಾಕಿಕೊಂಡು ಮಾತಾಡುತ್ತಾರೆ. ತಪ್ಪು ಯಾರದು ಎಂಬ ವಿಚಾರಣೆ ಅವನ ಬೆನ್ನ ಹಿಂದೆ ನಡೆಯುತ್ತದೆ, ಮಧ್ಯೆ ಮಧ್ಯೆ ಅವನ ಸಾಕ್ಷಿಯನ್ನೂ ಕೇಳುತ್ತಾರೆ. ಕಿವಿ ಬಾಗಿಲಿಗೆ ಒತ್ತಿ, ಬೀಗದ ಹೊಟ್ಟೆಯೊಳಗಿನ ಒಂದು ಸಣ್ಣ 'ಟಿಕ್'ಗಾಗಿ ಕಾಯುವವನಿಗೆ ಇದು ಎಂಥ ಹಿಂಸೆ ಎಂದು ಯಾರೂ ಯೋಚಿಸಿದವರಲ್ಲ.

ಅದು ವಾರಕ್ಕೆ ಆರು ದಿನ. ಅದರ ಮೇಲೆ ಭಾವ.

ಭಾವ ಎಂದರೆ ಹೆಂಡತಿಯ ಅಣ್ಣ. ಬೀದಿಯ ಆಚೆ ಬದಿಯಲ್ಲಿ, ಸರಿಯಾಗಿ ಎದುರಿಗೆ, ಅವರ ಜೆರಾಕ್ಸ್ ಮತ್ತು ಬ್ಯಾನರ್ ಅಂಗಡಿ. ಒಬ್ಬರ ಗಲ್ಲಾದಿಂದ ಇನ್ನೊಬ್ಬರ ಮುಖ ಕಾಣುತ್ತದೆ. ಆದರೂ ಭಾವ ಫೋನ್ ಮಾಡುತ್ತಾರೆ. ಬೀಗದಣ್ಣ ತಲೆಯೆತ್ತಿದರೆ ಎದುರು ಗಾಜಿನ ಹಿಂದೆ ಭಾವ ಫೋನ್ ಕಿವಿಗಿಟ್ಟುಕೊಂಡು ಕೈ ಬೀಸುತ್ತಿರುತ್ತಾರೆ. "ಎಲ್ಲಿದ್ದೀಯಪ್ಪಾ?" ಎಂದು ಮೊದಲ ಪ್ರಶ್ನೆ. ಆಮೇಲೆ ಊಟ ಆಯಿತಾ, ಮಳೆ ಬರುವ ಹಾಗಿದೆಯಾ, ನಿನ್ನೆ ಹೇಳಿದ್ದು ನೆನಪಿದೆಯಾ. ದಿನಕ್ಕೆ ಹದಿನಾಲ್ಕು ಸಲ. ಬೀಗದಣ್ಣನ ಹೆಂಡತಿ ಒಂದು ವಾರ ಗೀಟು ಹಾಕಿ ಎಣಿಸಿದ್ದಳು.

ಇದರ ಹಿಂದೆ ಪ್ರೀತಿಯಿತ್ತು ಎಂಬುದೇ ತೊಂದರೆ. ಐದು ವರ್ಷದ ಹಿಂದೆ ಎರಡನೇ ಮಹಡಿಯ ಕಿಟಕಿಯೊಂದನ್ನು ತೆಗೆಯಲು ಹೋಗಿ ಬೀಗದಣ್ಣ ಏಣಿಯಿಂದ ಬಿದ್ದು, ತೊಡೆಯ ಮೂಳೆ ಮುರಿದುಕೊಂಡು, ಒಂದೂವರೆ ತಿಂಗಳು ಮಲಗಿದ್ದ. ಆಗ ಭಾವ ಗಂಟೆಗೊಂದು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದರು. ಮೂಳೆ ಕೂಡಿಕೊಂಡಿತು, ಫೋನು ನಿಲ್ಲಲಿಲ್ಲ. ಎತ್ತದೇ ಇದ್ದರೆ ತಂಗಿಗೆ ಮಾಡುತ್ತಿದ್ದರು. ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಬೀಗದಣ್ಣ ಮುಕ್ಕಾಲು ಗಂಟೆ ಫೋನ್ ಆಫ್ ಮಾಡಿದ್ದ. ಅಷ್ಟರಲ್ಲಿ ಭಾವ ಎರಡು ಆಸ್ಪತ್ರೆ, ಒಂದು ಪೊಲೀಸ್ ಠಾಣೆ ಸುತ್ತಿ, ಕಳೆದುಹೋದವನ ಫೋಟೋ ಹಾಕಿ ಐವತ್ತು ಪ್ರತಿ ಅಚ್ಚು ಮಾಡಿಸಿಬಿಟ್ಟಿದ್ದರು. ಸ್ವಂತ ಮೆಷಿನ್ನು ನೋಡಿ. ಅಂದಿನಿಂದ ಬೀಗದಣ್ಣನ ಫೋನು ಆಫ್ ಆಗಿದ್ದಿಲ್ಲ.

ಈ ಭಾವ 'ಶಿಖರ ಬಳಗ'ದ ಅಧ್ಯಕ್ಷರೂ ಹೌದು. ಬಳಗದವರು ಭಾನುವಾರ ಬೆಳಿಗ್ಗೆ ದೊಡ್ಡ ಬೆಟ್ಟ ಹತ್ತುತ್ತಾರೆ. ಸಾವಿರದ ನಲವತ್ತು ಮೆಟ್ಟಿಲು, ಎರಡೂ ಬದಿಗೆ ಕಬ್ಬಿಣದ ಕಂಬಿ, ಇನ್ನೂರು ಮೆಟ್ಟಿಲಿಗೊಂದು ಟೀ ಅಂಗಡಿ, ಮೇಲೆ ಫೋಟೋ ತೆಗೆಸಿಕೊಳ್ಳಲು ಸರತಿ ಸಾಲು. ಮುರಿದ ಕಾಲಿಗೆ ನಡಿಗೆ ಒಳ್ಳೆಯದೆಂದು ಭಾವ ಇವನನ್ನೂ ಕರೆದೊಯ್ದರು. ಎರಡು ಭಾನುವಾರ ಬೀಗದಣ್ಣ ಹೋದ. ಆರು ದಿನದ ಗದ್ದಲದವರೆಲ್ಲ ಏಳನೇ ದಿನ ಅಲ್ಲೇ ಇದ್ದರು. ಮೂರು ಜನ ಮೆಟ್ಟಿಲ ಮೇಲೇ ಕೀಗೊಂಚಲು ತೆಗೆದು, ಇದೊಂದು ಬಿಗಿಯಾಗುತ್ತೆ, ನೋಡಿ ಅಂದರು.

ಎರಡನೇ ವಾರ, ಫೋಟೋ ಸಾಲಿನಲ್ಲಿ ನಿಂತು ಬೇಸತ್ತು ಹಿಂದಕ್ಕೆ ತಿರುಗಿದಾಗ ಅವನಿಗೆ ಹಿಂಬೆಟ್ಟ ಕಂಡಿತು. ಮಲಗಿದ ಯಾವುದೋ ಪ್ರಾಣಿಯ ಬೆನ್ನಿನ ಹಾಗೆ ಉದ್ದಕ್ಕೆ, ಬೋಳಾಗಿ, ತುದಿಯಲ್ಲಿ ಸ್ವಲ್ಪ ಹೆಗಲು ಎತ್ತಿಕೊಂಡು. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಟೀ ಅಂಗಡಿಯವನನ್ನು ವಿಚಾರಿಸಿದ. "ಅಲ್ಲೇನಿದೆ ಅಂತ ಹೋಗ್ತೀರಣ್ಣ, ಅಲ್ಲಿ ಏನೂ ಇಲ್ಲ," ಅಂದ ಅವನು. ಯಾವ ಜಾಹೀರಾತೂ ಬೀಗದಣ್ಣನನ್ನು ಇಷ್ಟು ಚೆನ್ನಾಗಿ ಒಲಿಸಿದ್ದಿಲ್ಲ.

ಮುಂದಿನ ಭಾನುವಾರ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿದ. ಅವಳು ಅವನಿಗಿಂತ ಚೊಕ್ಕವಾಗಿ ಕೀ ಕೊರೆಯುತ್ತಾಳೆ. ಭಾನುವಾರದ ತುರ್ತು ಕರೆಗಳೂ ಅವಳ ನಂಬರಿಗೇ. ಗಂಡ ಬೆಟ್ಟದಲ್ಲಿದ್ದಾರೆ, ಹುಡುಕಬೇಡ ಎಂದು ಅಣ್ಣನಿಗೆ ಸಮಾಧಾನ ಹೇಳುವ ಕೆಲಸವೂ ಅವಳದೇ. ಮೊದಲ ಬಸ್ಸಿನಲ್ಲಿ ಕೊನೆಯ ನಿಲ್ದಾಣ. ಇಟ್ಟಿಗೆ ಗೂಡಿನ ಹಿಂದಿನಿಂದ ಒಣಗಿದ ತೊರೆಯ ಪಾತ್ರ, ಅರ್ಧ ಗಂಟೆ ಗುಂಡುಕಲ್ಲುಗಳ ಮೇಲೆ. ಆಮೇಲೆ ದಾರಿಯೆಂಬುದಿಲ್ಲ. ಮೇಕೆಗಳು ನಡೆದ ಗೆರೆ ಹಿಡಿದು ಮೊಣಕಾಲುದ್ದದ ಹುಲ್ಲಿನಲ್ಲಿ ಏರಿದರೆ ಬೆಟ್ಟದ ಬೆನ್ನು ಸಿಗುತ್ತದೆ. ಕೆಲವು ಕಡೆ ಅದರ ಅಗಲ ಅವನ ಅಂಗಡಿಗಿಂತ ಕಡಿಮೆ. ಎರಡೂ ಪಕ್ಕ ಇಳಿಜಾರು. ಬೆಳಿಗ್ಗೆ ಗಾಳಿ ಎಡದಿಂದ ಬೀಸುತ್ತದೆ, ಮಧ್ಯಾಹ್ನದ ಮೇಲೆ ಬಲದಿಂದ. ಯಾವ ಕಿವಿ ತಣ್ಣಗಿದೆ ಎಂಬುದರಿಂದಲೇ ಗಂಟೆ ಹೇಳಬಹುದು. ಅರ್ಧ ದಾರಿಯಲ್ಲಿ ಬಿದ್ದುಹೋದ ಕಲ್ಲುಗೋಡೆ ಇದೆ. ಯಾರು ಕಟ್ಟಿದರೋ, ಏನನ್ನು ಏನಿಂದ ಬೇರೆ ಮಾಡಲು ಕಟ್ಟಿದರೋ. ಬಾಗಿಲೂ ಇಲ್ಲ, ಬೀಗವೂ ಇಲ್ಲ. ಅದನ್ನು ದಾಟಿದ ಮೇಲೆ ಹದ್ದುಗಳು ಕೆಳಗೆ ಸುತ್ತುತ್ತವೆ. ಹದ್ದಿನ ಬೆನ್ನು ಕಂದು ಬಣ್ಣದ್ದು ಎಂದು ಬೀಗದಣ್ಣನಿಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಅಲ್ಲಿ ಸದ್ದೇ ಇರಲಿಲ್ಲ ಎಂದಲ್ಲ. ಹುಲ್ಲು ಸರಿಯುತ್ತಿತ್ತು, ಕಲ್ಲು ಅಲುಗುತ್ತಿತ್ತು, ತನ್ನದೇ ಮೂಗು ಏದುಸಿರು ಬಿಡುತ್ತಿತ್ತು. ಆದರೆ ಯಾವುದೂ ಅವನನ್ನು ಏನೂ ಕೇಳುತ್ತಿರಲಿಲ್ಲ.

ಆ ಮೊದಲ ದಿನ ಅವನು ತುದಿಯವರೆಗೂ ಹೋಗಿದ್ದ. ಅಲ್ಲಿ ಏನೋ ಆಯಿತು. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅಣ್ಣನಿಗೆ ಮಾತ್ರ ಹೇಳಬೇಡಿ ಅಂದಳು. ಮುಂದಿನ ವಾರದಿಂದ ಅವನು ಹನ್ನೆರಡು ಹೆಜ್ಜೆ ಕೆಳಗೇ ನಿಂತ.

ಮೂರು ವರ್ಷ ಹೀಗೇ ಸುಖವಾಗಿ ಕಳೆಯಿತು. ನಾಲ್ಕನೇ ವರ್ಷ ಭಾವ ದುರ್ಬೀನು ಕೊಂಡರು.

ದೊಡ್ಡ ಬೆಟ್ಟದ ಮೇಲಿಂದ ಬಳಗದವರು ಸರದಿಯಂತೆ ದುರ್ಬೀನಿಗೆ ಕಣ್ಣು ಹಚ್ಚಿ ಹಿಂಬೆಟ್ಟವನ್ನು ನೋಡಿದರು, ತುದಿಯ ಕೆಳಗೆ ನಿಂತ ಒಂದು ಚುಕ್ಕೆಯನ್ನು ನೋಡಿದರು. ಚುಕ್ಕೆ ಕೂತಿತು, ತಿಂದಿತು, ಇಳಿಯಿತು. ಮುಂದಿನ ವಾರವೂ ಹಾಗೆಯೇ. ಬಳಗದಲ್ಲೊಬ್ಬರು ನಿವೃತ್ತ ಗಣಿತದ ಟೀಚರ್ ಇದ್ದರು. ಅಳೆಯದೆ ಏನನ್ನೂ ನಂಬದವರು. ಬಂಡೆಯಿಂದ ತುದಿಗೆ ಹನ್ನೆರಡು ಹೆಜ್ಜೆ ಎಂದು ದೂರದಿಂದಲೇ ಲೆಕ್ಕ ಹೊಂದಿಸಿದವರು ಅವರೇ. ಯಾಕೆ ಎಂಬುದನ್ನು ಹೊಂದಿಸಿದವರು ಭಾವ. ತಂಗಿಯ ಗಂಡ ಇಷ್ಟು ದೊಡ್ಡ ಮನುಷ್ಯ ಎಂದು ಗೊತ್ತಾದ ದಿನ ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ಸೋಮವಾರ ಬ್ಯಾನರು ಬಂತು. ಬುಧವಾರ 'ಹನ್ನೆರಡು ಹೆಜ್ಜೆ ನಡಿಗೆ' ಎಂದು ಬರೆದ ಹಳದಿ ಟೋಪಿಗಳು ಬಂದವು. ಶುಕ್ರವಾರ ಫೋನಿನಲ್ಲಿ, ಬೀದಿಯ ಆಚೆಯಿಂದ ಕೈ ಬೀಸುತ್ತಾ, ಭಾವ ವಿಷಯ ತಿಳಿಸಿದರು. ಈ ಭಾನುವಾರ ಇಡೀ ಬಳಗ ಹಿಂಬೆಟ್ಟಕ್ಕೆ. ದಾರಿ ತೋರಿಸುವವನು ಬೀಗದಣ್ಣ. ಎಲ್ಲರಿಗೂ ಹಿಡಿಸಿದರೆ ದೊಡ್ಡ ಬೆಟ್ಟ ಬಿಟ್ಟು ಇನ್ನು ಪ್ರತಿ ವಾರವೂ ಅಲ್ಲಿಗೇ. ಬಂಡೆಯ ಮೇಲೇ ಕೈ ಎತ್ತಿಸಿ ತೀರ್ಮಾನ.

ಬೀಗದಣ್ಣ ಆಗ ಕೊರೆಯುತ್ತಿದ್ದ ಕೀಗೆ ಒಂದು ಹಲ್ಲು ಹೆಚ್ಚಾಯಿತು.

ಶನಿವಾರ ಸಂಜೆ ಅಂಗಡಿಯಲ್ಲಿ ಹೆಂಡತಿಯ ಮುಂದೆ ತನ್ನ ಸಂಕಟ ಇಟ್ಟ. ಸುಮ್ಮನಿದ್ದರೆ ಬೆಟ್ಟ ಹೋಗುತ್ತದೆ. ಬಾಯಿ ಬಿಟ್ಟರೆ ಭಾವನ ಮರ್ಯಾದೆ ಹೋಗುತ್ತದೆ, ಅದೂ ಅವರ ಬಳಗದ ಎದುರಿಗೆ. ಅವಳು ಒಂದು ಕೀಯ ಹಲ್ಲಿಗೆ ಅರ ಉಜ್ಜುತ್ತಾ ಕೇಳಿಸಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಎರಡು ಸಲ ಉಜ್ಜಿದಳು.

"ನೋಡ್ರೀ, ಅವನು ನನ್ನ ಅಣ್ಣ, ನೀವು ನನ್ನ ಗಂಡ. ನನ್ನನ್ನ ಮಧ್ಯೆ ಎಳೀಬೇಡಿ. ನೀವು ಏನು ಮಾಡಿದ್ರೂ ಭಾನುವಾರ ಅಂಗಡಿ ನೋಡ್ಕೊಳ್ಳೋಳು ನಾನೇ," ಅಂದಳು. ಕೀಯನ್ನು ಮೊಳೆಗೆ ನೇತುಹಾಕಿ ಸೇರಿಸಿದಳು: "ಸುಳ್ಳಂತೂ ಹೇಳಬೇಡಿ. ನಿಮಗೆ ಬರಲ್ಲ. ಕಿವಿ ಕೆಂಪಾಗುತ್ತೆ."

ಭಾನುವಾರ ಇಟ್ಟಿಗೆ ಗೂಡಿನ ಬಳಿ ಇಪ್ಪತ್ತೇಳು ಹಳದಿ ಟೋಪಿಗಳು ಇಳಿದವು. ಇಪ್ಪತ್ತೆಂಟನೆಯ ಟೋಪಿಯನ್ನು ಭಾವ ಸ್ವಂತ ಕೈಯಿಂದ ಬೀಗದಣ್ಣನ ತಲೆಗಿಟ್ಟು, ಸೀಟಿ ಊದಿದರು. ದಂಡು ಹೊರಟಿತು. ತೊರೆಯ ಪಾತ್ರದಲ್ಲೇ ಮೂರು ಕಣಕಾಲು ಉಳುಕಿದವು. ಹುಲ್ಲಿನಲ್ಲಿ ಏನೋ ಸರಿದಾಡಿತೆಂದು ಔಷಧಿ ಅಂಗಡಿಯವನು ಕಿರುಚಿದ. ಸರಿದಾಡಿದ್ದು ಅವನದೇ ನೀರಿನ ಬಾಟಲಿ, ಬ್ಯಾಗಿನಿಂದ ಬಿದ್ದು ಉರುಳುತ್ತಿತ್ತು. ಮೊದಲ ಟೀ ಅಂಗಡಿ ಎಷ್ಟು ದೂರ ಎಂದು ಒಬ್ಬರು ಕೇಳಿದರು. ಇಲ್ಲ ಅಂದ ಬೀಗದಣ್ಣ. ಎರಡನೆಯದು? ಅದೂ ಇಲ್ಲ. ಬೆಟ್ಟದ ಬೆನ್ನಿನ ಇಕ್ಕಟ್ಟಾದ ಜಾಗ ಬಂದಾಗ ಒಂಬತ್ತು ಜನ ಕೂತುಕೊಂಡೇ ಮುಂದೆ ಸರಿದರು, ಮಾತು ಮಾತ್ರ ನಿಲ್ಲಿಸಲಿಲ್ಲ. ಬಿದ್ದವರ ಸಂಖ್ಯೆಯನ್ನು ಟೀಚರ್ ಆಗಾಗ ಗಟ್ಟಿಯಾಗಿ ಹೇಳುತ್ತಿದ್ದರು. ಹದ್ದುಗಳು ಆ ದಿನ ಬೇರೆ ಕಡೆ ಹೋಗಿದ್ದವು.

ತೊರೆ ದಾಟಿದ ಮೇಲೆ ಎಲ್ಲರ ಫೋನುಗಳೂ ಸತ್ತುಹೋದವು. ಭಾವ ಹತ್ತು ಹೆಜ್ಜೆಗೊಮ್ಮೆ ತಮ್ಮದನ್ನು ತೆಗೆದು ನೋಡಿ ಜೇಬಿಗೆ ಹಾಕುತ್ತಿದ್ದರು. ಫೋನಿಲ್ಲದ ಭಾವನನ್ನು ಬೀಗದಣ್ಣ ಇದೇ ಮೊದಲು ನೋಡುತ್ತಿದ್ದ. ಏನೋ ಕಳೆದುಕೊಂಡವರ ಹಾಗೆ ಕಂಡರು. ಒಂದು ಕಡೆ ಕಲ್ಲು ಜಾರಿದಾಗ ಅವರ ಮೊಣಕೈ ಹಿಡಿದುಕೊಂಡ. ಆಮೇಲೆ ಬಿಡುವುದಕ್ಕೆ ಮನಸ್ಸಾಗದೆ ಗೋಡೆಯವರೆಗೂ ಹಿಡಿದುಕೊಂಡೇ ಬಂದ.

ಬಂಡೆ ಬಂತು. ಭಾವ ಚೀಲದಿಂದ ಕೆಂಪು ರಿಬ್ಬನ್ನು ತೆಗೆದು, ಬಂಡೆಗೂ ತುದಿಗೂ ನಡುವೆ ಎರಡು ಕಲ್ಲುಗಳಿಗೆ ಸುತ್ತಿ ಅಡ್ಡ ಕಟ್ಟಿದರು. ಯಾರೂ ಇದನ್ನು ದಾಟಕೂಡದು, ಇದೇ ಈ ನಡಿಗೆಯ ನಿಯಮ ಎಂದು ಸಾರಿದರು. ಇಪ್ಪತ್ತೇಳು ಜನ ಒಬ್ಬನೇ ಕೂರುವ ಜಾಗದ ಸುತ್ತ ಒತ್ತಿಕೊಂಡು ನಿಂತರು. ಬ್ಯಾನರನ್ನು ಇಬ್ಬರು ಹಿಡಿದರು, ಗಾಳಿ ಅದರ ಹೊಟ್ಟೆ ಉಬ್ಬಿಸಿತು.

ಈಗ ಭಾವನ ದೊಡ್ಡ ಯೋಜನೆ ಬಾಕಿಯಿತ್ತು: ಈ ಗಳಿಗೆಯನ್ನು ಊರಿಗೆಲ್ಲ ನೇರವಾಗಿ ಫೋನಿನಲ್ಲಿ ತೋರಿಸುವುದು. ಅವರು ಫೋನು ಎತ್ತಿ ಹಿಡಿದರು. ತುದಿಗಾಲಲ್ಲಿ ನಿಂತರು. ಬಂಡೆಯ ಮೇಲೆ ಹತ್ತಿ ಪೂರ್ವಕ್ಕೆ ತಿರುಗಿದರು, ಪಶ್ಚಿಮಕ್ಕೆ ತಿರುಗಿದರು, ಒಂದು ಕಾಲು ಎತ್ತಿದರು. ರಿಬ್ಬನ್ನಿನ ಮೇಲೆ ಕೈ ಚಾಚಿ, ದಾಟಕೂಡದೆಂದು ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡರು. ಬೀಗದಣ್ಣ ಅವರನ್ನು ನೋಡಿದ. ರಿಬ್ಬನ್ನಿನಾಚೆಯ ತುದಿಯನ್ನು ನೋಡಿದ. ಆಮೇಲೆ ಡಬ್ಬಿಯೊಳಗಿನ ಮೊಟ್ಟೆಯನ್ನು ನೋಡುತ್ತಾ ಕೂತ.

ಕೊನೆಗೆ ಭಾವ ಫೋನು ಬಿಟ್ಟು ಭಾಷಣ ಹಿಡಿದರು. ಪ್ರತಿ ಭಾನುವಾರ ಇಲ್ಲಿಗೇ ಬರೋಣ, ಬಂಡೆಗೆ ಒಂದು ಕಲ್ಲಿನ ಫಲಕ ಹಾಕಿಸೋಣ, ದಾರಿಗೆ ಹಳದಿ ಬಾಣದ ಗುರುತು ಬಳಿಸೋಣ, ನನ್ನ ತಂಗಿಯ ಗಂಡನೇ ಖಾಯಂ ಮಾರ್ಗದರ್ಶಕ. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. ನಾಲ್ಕಾರು ಕೈಗಳು ಅರ್ಧಕ್ಕೆ ಎದ್ದವು.

"ಸ್ವಲ್ಪ ನಿಲ್ಲಿ," ಅಂದರು ಟೀಚರ್. ಅವರು ಅಂಗೈಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದರು. "ಒಟ್ಟು ಹದಿನೇಳು ಸಲ ಬಿದ್ದಿದ್ದೀವಿ. ಇಲ್ಲಿ ಟೀ ಇಲ್ಲ, ಕಂಬಿ ಇಲ್ಲ, ಕೂರೋಕೆ ಜಾಗ ಇಲ್ಲ. ಇರೋದು ಇವನ ಕತೆ ಒಂದೇ. ಅದು ಗಟ್ಟಿಯಾಗಿದ್ರೆ ಪ್ರತಿ ವಾರ ಬಿದ್ದುಕೊಂಡಾದ್ರೂ ಬರ್ತೀನಿ. ಇಲ್ಲಾಂದ್ರೆ ನಮಗೆ ದೊಡ್ಡ ಬೆಟ್ಟಾನೇ ಸರಿ."

ಎಲ್ಲರೂ ತಲೆಯಾಡಿಸಿದರು. ಔಷಧಿ ಅಂಗಡಿಯವನು ಎರಡು ಸಲ ಆಡಿಸಿದ.

ಟೀಚರ್ ಬೀಗದಣ್ಣನ ಕಡೆ ತಿರುಗಿದರು. ಅವರು ಅವನಿಗೆ ಏಳನೇ ತರಗತಿಯಲ್ಲಿ ಲೆಕ್ಕ ಕಲಿಸಿದ್ದವರು. ಆ ನೋಟ ಇಪ್ಪತ್ತೇಳು ಜನರ ನಡುವೆಯೂ ಅವನನ್ನು ಎದ್ದು ನಿಲ್ಲಿಸಿತು. ಡಬ್ಬಿ ಕೈಯಲ್ಲೇ ಇತ್ತು.

"ಏನೋ, ತುದಿಗೆ ಯಾಕೆ ಹೋಗಲ್ಲ ನೀನು? 'ಸುಮ್ಮನೆ' ಅಂತ ನನ್ನ ಹತ್ರ ಹೇಳಬೇಡ. ಕ್ಲಾಸಲ್ಲಿ ಉತ್ತರ ಗೊತ್ತಿಲ್ಲದೇ ಇದ್ದಾಗಲೂ ನೀನು ಹಾಗೇ ಹೇಳ್ತಿದ್ದೆ. ನಿಜ ಹೇಳು."

ಗಾಳಿ ನಿಂತಿತು. ಬ್ಯಾನರು ಹೊಟ್ಟೆ ಇಳಿಸಿಕೊಂಡು ಕೇಳಲು ಸಿದ್ಧವಾಯಿತು. ಭಾವ ಎರಡೂ ಕೈ ಎದೆಯ ಮುಂದೆ ಕಟ್ಟಿ, ಕಣ್ಣು ಅರ್ಧ ಮುಚ್ಚಿ, ಮಹಾವಾಕ್ಯವೊಂದು ಇಳಿಯುವುದನ್ನು ಕಾಯುವವರ ಹಾಗೆ ನಿಂತರು. ಬೀಗದಣ್ಣ ಅವರ ಮುಖ ನೋಡಿದ. ಅವರ ಹಿಂದೆ ಉದ್ದಕ್ಕೆ ಮಲಗಿದ ಬೆಟ್ಟದ ಬೆನ್ನನ್ನು ನೋಡಿದ, ಅದರ ಮೇಲೆ ಅಲ್ಲಲ್ಲಿ ಬಿದ್ದಿದ್ದ ಬಿಸ್ಕತ್ತಿನ ಪೊಟ್ಟಣಗಳನ್ನು ನೋಡಿದ. ಅವನ ಕಿವಿ ತಣ್ಣಗೇ ಇತ್ತು.

"ಅಲ್ಲಿ ಸಿಗ್ನಲ್ ಸಿಗುತ್ತೆ ಟೀಚರ್," ಅಂದ. "ಭಾವನ ಫೋನ್ ಬರುತ್ತೆ."